ಟ್ರಂಕಿನ ತಳದ ಹಣ: ಹುಡುಕೋದು ಹೇಗೆ, ಕೇಳಿ ಪಡೆಯೋದು ಹೇಗೆ

ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಖಾತೆಯ ಹಣ ಆ ಬ್ಯಾಂಕಿನಲ್ಲೇ ಉಳಿಯೋದಿಲ್ಲ. ಅದು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. 2024ರ ಮಾರ್ಚ್ ಕೊನೆಗೆ ಹೀಗೆ ಹೋಗಿ ಕೂತಿದ್ದ ಹಣ 78,213 ಕೋಟಿ ರೂಪಾಯಿ. ಕೋಟಿ ಲೆಕ್ಕ ಕೇಳಿದ ಕೂಡಲೇ "ಇದು ಪಟ್ಟಣದವರ ವ್ಯವಹಾರ, ನಮಗೇನು" ಅಂತ ಪುಟ ಮಗುಚಬೇಡಿ. ಮಳೆ ನಂಬಿದ ನಮ್ಮ ಮನೆಗಳಲ್ಲಿ ಇಂಥ ಹಣ ಬಿದ್ದಿರುವ ಸಾಧ್ಯತೆ ಕಡಿಮೆ ಏನಿಲ್ಲ.

ಕಾರಣ ನೋಡಿ. ಬೆಳೆ ಸಾಲಕ್ಕೆ ಅಂತ ಒಂದು ಖಾತೆ ಮಾಡಿಸುತ್ತೇವೆ. ಇನ್ನೊಂದು ಬ್ಯಾಂಕಿನವರು ಊರಿಗೆ ಬಂದು ಸೊನ್ನೆ ಹಣದ ಖಾತೆ ಮಾಡಿಸುತ್ತಾರೆ. ಶೇಂಗಾ ಮಾರಿದ ವರ್ಷ ನಾಲ್ಕು ಕಾಸು ಠೇವಣಿ ಇಡುತ್ತೇವೆ. ಮೂರು ವರ್ಷ ಮಳೆ ಕೈಕೊಟ್ಟರೆ ಬೆಂಗಳೂರು ಕಡೆ ಗುಳೆ. ಅಷ್ಟರಲ್ಲಿ ಯಜಮಾನ ತೀರಿಕೊಂಡಿರುತ್ತಾನೆ. ಪಾಸ್‌ಬುಕ್ ಟ್ರಂಕಿನ ತಳ ಸೇರುತ್ತದೆ. ಹೆಂಡತಿಗೆ ಓದು ಬಾರದು, ಮಕ್ಕಳಿಗೆ ವಿಷಯ ಗೊತ್ತಿಲ್ಲ. ಹಣ ಮಲಗಿತು.

ಇಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಮಾತು ಇದು: ಬ್ಯಾಂಕ್ ಹಣ ರಿಸರ್ವ್ ಬ್ಯಾಂಕಿಗೆ ಹೋದರೂ ನಮ್ಮ ಹಕ್ಕು ಹೋಗೋದಿಲ್ಲ. ಹನ್ನೆರಡು ವರ್ಷ ಬಿಟ್ಟು ಕೇಳಿದರೂ ಕೊಡಬೇಕು, ಇಪ್ಪತ್ತು ವರ್ಷ ಬಿಟ್ಟು ಕೇಳಿದರೂ ಕೊಡಬೇಕು. ಆದರೆ ಹಕ್ಕಿಗೆ ವಯಸ್ಸಾಗದಿದ್ದರೂ ಕಾಗದಕ್ಕೆ ವಯಸ್ಸಾಗುತ್ತದೆ. ಗೆದ್ದಲು ತಿನ್ನುತ್ತದೆ, ಗುಡಿಸಲು ಸೋರುತ್ತದೆ. "ನಿಮ್ಮಪ್ಪ ಇಂಥ ಊರಿನ ಬ್ಯಾಂಕಿಗೆ ಹೋಗ್ತಿದ್ದ" ಅಂತ ಹೇಳಬಲ್ಲ ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವಸರ ಇರೋದು ಅಲ್ಲಿ.

ಹಣ ಎಲ್ಲಿಗೆ ಹೋಗುತ್ತದೆ?

ಖಾತೆದಾರ ಎರಡು ವರ್ಷಕ್ಕಿಂತ ಹೆಚ್ಚು ಕಾಲ ತಾನಾಗಿ ಹಣ ಹಾಕದೆ, ತೆಗೆಯದೆ ಇದ್ದರೆ ಬ್ಯಾಂಕ್ ಆ ಖಾತೆಯನ್ನು ಚಾಲ್ತಿ ಇಲ್ಲದ್ದು ಅಂತ ಗುರುತು ಹಾಕುತ್ತದೆ. ಬ್ಯಾಂಕೇ ಬಡ್ಡಿ ಜಮಾ ಮಾಡಿಕೊಂಡಿದ್ದು ಲೆಕ್ಕಕ್ಕಿಲ್ಲ. ಹತ್ತು ವರ್ಷ ಆದರೆ ಹಣ ರಿಸರ್ವ್ ಬ್ಯಾಂಕಿನ 'ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ'ಗೆ ಹೋಗುತ್ತದೆ. ಈ ಏರ್ಪಾಡು ಬಂದಿದ್ದು 2014ರಲ್ಲಿ. ಮುದ್ದತಿನ ಠೇವಣಿ ಆದರೆ ಮುದ್ದತು ಮುಗಿದ ದಿನದಿಂದ ಹತ್ತು ವರ್ಷ ಎಣಿಸಬೇಕು.

ಅಲ್ಲಿ ಬಡ್ಡಿ ಇದೆ, ಆದರೆ ಸರಳ ಬಡ್ಡಿ. 2014ರ ಜುಲೈ 1ರಿಂದ 2018ರ ಜೂನ್ ಕೊನೆವರೆಗೆ ನೂರಕ್ಕೆ 4, ಆಮೇಲೆ 2021ರ ಮೇ 10ರವರೆಗೆ ಮೂರೂವರೆ, ಅಲ್ಲಿಂದ ಮುಂದೆ 3. ಲೆಕ್ಕ ಹಾಕಿ ನೋಡಿದೆ. 2014ರ ಜುಲೈಯಲ್ಲಿ ಹೋದ 10,000 ರೂಪಾಯಿಗೆ ಹತ್ತು ವರ್ಷಕ್ಕೆ ಬರುವ ಬಡ್ಡಿ ಸುಮಾರು 3,540 ರೂಪಾಯಿ. ಅಂದರೆ ಹಣ ಅಲ್ಲಿ ಸಾಯೋದಿಲ್ಲ, ಹಾಗಂತ ಬೆಳೆಯೋದೂ ಇಲ್ಲ. ಬರಗಾಲದ ಕುರಿ ಇದ್ದ ಹಾಗೆ, ಉಸಿರು ಮಾತ್ರ ಇರುತ್ತದೆ. ಬೇಗ ಬಿಡಿಸಿಕೊಂಡಷ್ಟೂ ಒಳ್ಳೇದು.

ಅಂಚೆ ಕಚೇರಿ ಮತ್ತು ವಿಮೆ ಹಣದ ದಾರಿ ಬೇರೆ. ಅದನ್ನು ಮುಂದೆ ಬರೆದಿದ್ದೇನೆ.

ಮೊದಲ ಹುಡುಕಾಟ ಮನೆಯಲ್ಲಿ

ಈಗ ಎಲ್ಲರೂ ಮೊಬೈಲ್ ಹಿಡಿದು ಹುಡುಕಲು ಹೋಗುತ್ತಾರೆ. ಏನು ಹುಡುಕಬೇಕು ಅಂತ ಗೊತ್ತಿಲ್ಲದೆ ಹುಡುಕಿದರೆ ಮೊಬೈಲ್ ಏನು ಹೇಳೀತು? ಮೊದಲು ಮನೆ ಹುಡುಕಿ. ಟ್ರಂಕು, ದೇವರ ಪಟದ ಹಿಂದೆ, ಹೊಲದ ಪತ್ರ ಇಟ್ಟ ಚೀಲ, ಅಟ್ಟದ ಮೇಲಿನ ಡಬ್ಬಿ. ಈ ಕಾಗದಗಳು ಸಿಕ್ಕರೆ ತೆಗೆದಿಡಿ:

ಹಳೇ ಪಾಸ್‌ಬುಕ್, ಹರಿದಿದ್ದರೂ ಸರಿ.
ಠೇವಣಿ ರಸೀತಿ.
ಪಿಗ್ಮಿ ಪುಸ್ತಕ.
ಕಿಸಾನ್ ವಿಕಾಸ್ ಪತ್ರ, ರಾಷ್ಟ್ರೀಯ ಉಳಿತಾಯ ಪತ್ರ, ಅಂಚೆ ಆರ್‌ಡಿ ಪುಸ್ತಕ.
ಎಲ್‌ಐಸಿ ಬಾಂಡ್, ಗ್ರಾಮೀಣ ಅಂಚೆ ಜೀವ ವಿಮೆ ಪಾಲಿಸಿ, ಕಂತು ಕಟ್ಟಿದ ರಸೀತಿ.
ಸೊಸೈಟಿಯ ಷೇರು ಪತ್ರ.
ಹೆಣ್ಣುಮಕ್ಕಳ ಭಾಗ್ಯಲಕ್ಷ್ಮಿ ಬಾಂಡ್.

ಏನೂ ಸಿಗಲಿಲ್ಲ ಅಂದರೆ ಇನ್ನೊಂದು ಉಪಾಯ ಇದೆ. ಹೊಲದ ಹಳೇ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಅದು ಋಣದ ಕಾಲಂ. ತಂದೆ, ಅಜ್ಜ ಯಾವ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರು ಅಂತ ಅಲ್ಲಿ ಬರೆದಿರುತ್ತದೆ. ಸಾಲ ಇದ್ದ ಕಡೆ ಉಳಿತಾಯ ಖಾತೆಯೂ ಇದ್ದಿರುವ ಸಂಭವ ಹೆಚ್ಚು. ಆಮೇಲೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಿ. "ಆಗ ಸಂತೆ ದಿನ ಯಾವ ಬ್ಯಾಂಕಿಗೆ ಹೋಗಿ ಬರ್ತಿದ್ರು?" ಅಂದರೆ ಅವರಿಗೆ ನೆನಪಿರುತ್ತದೆ.

ಬೋರ್ಡು ಬದಲಾದ ಬ್ಯಾಂಕು

ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕ್ ಈಗ ಊರಲ್ಲಿ ಇಲ್ಲದಿರಬಹುದು. "ಆ ಬ್ಯಾಂಕ್ ಮುಚ್ಚಿತು, ಹಣ ಮುಳುಗಿತು" ಅಂತ ಪಾಸ್‌ಬುಕ್ ಒಲೆಗೆ ಹಾಕಿದವರೂ ಇದ್ದಾರೆ. ಮುಚ್ಚಿಲ್ಲ, ವಿಲೀನ ಆಗಿದೆ. ಖಾತೆ, ಹಣ, ಲೆಜರು ಎಲ್ಲವೂ ಹೊಸ ಬ್ಯಾಂಕಿಗೆ ಬಂದಿವೆ.

ನಮ್ಮ ಚಿತ್ರದುರ್ಗ ಸೀಮೆಯದೇ ಲೆಕ್ಕ ಹೇಳುತ್ತೇನೆ. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್, ತುಂಗಭದ್ರಾ, ಕೋಲಾರ ಮತ್ತು ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಕೂಡಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಕೂಡಿತು, ಕರ್ನಾಟಕ ಗ್ರಾಮೀಣ ಬ್ಯಾಂಕ್ ಅಂತ ಆಯಿತು. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿದೆ. ಈಗ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಅದರ ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳ ಹಳೇ ಪಾಸ್‌ಬುಕ್ ಇದ್ದವರೂ ಅಲ್ಲಿಗೇ ಹೋಗಬೇಕು, ಅವು 2005ರಲ್ಲಿ ವಿಕಾಸ ಗ್ರಾಮೀಣ ಬ್ಯಾಂಕಿಗೆ ಸೇರಿದ್ದವು.

ದೊಡ್ಡ ಬ್ಯಾಂಕುಗಳದ್ದು ಹೀಗೆ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಮತ್ತು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿಗೆ ಸೇರಿದವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. 1928ರಲ್ಲಿ ಪಿಗ್ಮಿ ಶುರು ಮಾಡಿದ್ದೇ ಸಿಂಡಿಕೇಟ್ ಬ್ಯಾಂಕ್. ಆ ಪುಸ್ತಕ ಇದ್ದವರು ಈಗ ಕೆನರಾ ಬ್ಯಾಂಕಿನ ಬಾಗಿಲು ತಟ್ಟಬೇಕು.

ಉದ್ಗಮ್‌ನಲ್ಲಿ ಹುಡುಕೋದು

ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ರಂದು 'ಉದ್ಗಮ್' ಅಂತ ಒಂದು ಪೋರ್ಟಲ್ ತೆರೆಯಿತು. ಬೇರೆ ಬೇರೆ ಬ್ಯಾಂಕುಗಳಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಠೇವಣಿಗಳನ್ನು ಒಂದೇ ಕಡೆ ಹುಡುಕಬಹುದು. 2024ರ ಮಾರ್ಚ್ ಹೊತ್ತಿಗೆ ಅದರಲ್ಲಿ 30 ಬ್ಯಾಂಕು ಸೇರಿದ್ದವು. ಹುಡುಕೋದಕ್ಕೆ ಒಂದು ಪೈಸೆ ಶುಲ್ಕ ಇಲ್ಲ. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳ ಕೈಲಿ ಮಾಡಿಸಿ.

ಮೊದಲು ಹುಡುಕುವವರ ಹೆಸರು, ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಬೇಕು. ತೀರಿಕೊಂಡವರ ಮೊಬೈಲ್ ಬೇಕಿಲ್ಲ, ನಿಮ್ಮದೇ ಸಾಕು. ಆಮೇಲೆ ಖಾತೆದಾರರ ಹೆಸರು ಹಾಕಿ ಬ್ಯಾಂಕು ಆರಿಸಬೇಕು. ಗುರುತಿಗೆ ಪ್ಯಾನ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಹುಟ್ಟಿದ ದಿನ, ಇವುಗಳಲ್ಲಿ ಒಂದು ಕೊಡಬೇಕು. ಯಾವುದೂ ಇಲ್ಲದಿದ್ದರೆ ವಿಳಾಸ ಹಾಕಿ ನೋಡಬಹುದು. ಹೆಸರು ಸಿಕ್ಕರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಅದನ್ನು ಬರೆದುಕೊಂಡು ಬ್ಯಾಂಕಿಗೆ ಹೋಗಬೇಕು. ಹಣ ಪೋರ್ಟಲ್ಲಿನಿಂದ ಬರೋದಿಲ್ಲ, ಬ್ಯಾಂಕಿನಿಂದಲೇ ಬರೋದು.

ಇಲ್ಲಿ ಎರಡು ಮಾತು ನೆನಪಿಡಿ. ಒಂದು, ಹೆಸರಿನ ಇಂಗ್ಲಿಷ್ ಕಾಗುಣಿತ. ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇದ್ದಾನೆ. ಅದನ್ನು ಟಿ ಮುಂದೆ ಎಚ್ ಹಾಕಿ ಬರೆಯುವವರು ಉಂಟು, ಹಾಕದವರು ಉಂಟು. ಕೊನೆಗೆ ವೈ ಹಾಕುವವರು, ಐ ಹಾಕುವವರು ಬೇರೆ. ಅವತ್ತಿನ ಗುಮಾಸ್ತ ಹೇಗೆ ಬರೆದನೋ ಹಾಗೇ ಇರುತ್ತದೆ. ಆದ್ದರಿಂದ ನಾಲ್ಕು ಥರ ಬರೆದು ಹುಡುಕಿ. ತಂದೆ ಹೆಸರಿನ ಇನಿಷಿಯಲ್ ಮುಂದೆ ಹಾಕಿ ಒಮ್ಮೆ, ಹಿಂದೆ ಹಾಕಿ ಒಮ್ಮೆ ನೋಡಿ.

ಎರಡು, ಉದ್ಗಮ್‌ನಲ್ಲಿ ಇರೋದು ಹತ್ತು ವರ್ಷ ದಾಟಿ ನಿಧಿಗೆ ಹೋದ ಹಣ ಮಾತ್ರ. ಏಳೆಂಟು ವರ್ಷದಿಂದ ಸುಮ್ಮನಿರುವ ಖಾತೆ ಅಲ್ಲಿ ಕಾಣೋದಿಲ್ಲ, ಅದು ಇನ್ನೂ ಬ್ಯಾಂಕಿನಲ್ಲೇ ಇರುತ್ತದೆ. ನಿಮ್ಮ ಬ್ಯಾಂಕ್ ಉದ್ಗಮ್ ಪಟ್ಟಿಯಲ್ಲೇ ಇಲ್ಲದಿರಲೂಬಹುದು. ಹೀಗಾಗಿ 'ಸಿಗಲಿಲ್ಲ' ಅಂತ ಬಂದರೆ ಹಣ ಇಲ್ಲ ಅಂತ ಅರ್ಥ ಅಲ್ಲ. ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ ಕೇಳಿ.

ಬ್ಯಾಂಕಿನಲ್ಲಿ ಏನು ಕೇಳುತ್ತಾರೆ?

ಖಾತೆದಾರ ಬದುಕಿದ್ದರೆ ಕೆಲಸ ಸುಲಭ. ಆಧಾರ್, ಫೋಟೋ, ಪಾಸ್‌ಬುಕ್ ತಗೊಂಡು ಹೋಗಿ ಅರ್ಜಿ ಬರೆದುಕೊಟ್ಟರೆ ಖಾತೆ ಮತ್ತೆ ಚಾಲ್ತಿಗೆ ಬರುತ್ತದೆ. ಖಾತೆ ಚಾಲ್ತಿ ಮಾಡೋದಕ್ಕೆ ಬ್ಯಾಂಕ್ ಶುಲ್ಕ ಹಾಕುವಂತಿಲ್ಲ. ಚಾಲ್ತಿ ಇಲ್ಲದ ಖಾತೆಯಲ್ಲಿ ಕನಿಷ್ಠ ಹಣ ಇಟ್ಟಿಲ್ಲ ಅಂತ ದಂಡ ಮುರಿಯುವಂತೆಯೂ ಇಲ್ಲ. ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮ. ಗುರುತಿನ ಕಾಗದ ಕೊಡೋದಕ್ಕೆ ಖಾತೆ ಇದ್ದ ಊರಿಗೇ ಹೋಗಬೇಕಿಲ್ಲ, ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಆಗುತ್ತದೆ. ಬೆಂಗಳೂರಿನಲ್ಲಿ ದುಡಿಯುವವರಿಗೆ ಇದು ಅನುಕೂಲ.

ಖಾತೆದಾರ ತೀರಿಕೊಂಡಿದ್ದರೆ ಎರಡು ದಾರಿ. ನಾಮಿನಿ ಹೆಸರು ಇದ್ದರೆ ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಕಾಗದ, ಕ್ಲೇಮು ಅರ್ಜಿ ಸಾಕು. ನಾಮಿನಿ ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ, ವಂಶವೃಕ್ಷ, ಹೊಣೆಗಾರಿಕೆ ಪತ್ರ ಕೇಳುತ್ತಾರೆ. ಸಣ್ಣ ಮೊತ್ತಕ್ಕೂ "ಕೋರ್ಟಿನಿಂದ ವಾರಸಾ ಸರ್ಟಿಫಿಕೇಟ್ ತನ್ನಿ" ಅಂತ ಕಳಿಸುತ್ತಿದ್ದ ದೂರುಗಳು ಬಹಳ ಇದ್ದವು. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಹೊಸ ನಿರ್ದೇಶನ ಕೊಟ್ಟಿದೆ. ತಕರಾರು ಇಲ್ಲದಿದ್ದರೆ ಸಾಮಾನ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಕೋರ್ಟಿನ ಕಾಗದ ಇಲ್ಲದೆ ಸರಳ ರೀತಿಯಲ್ಲಿ ಕೊಡಬೇಕು. ಕಾಗದ ಎಲ್ಲ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಬ್ಯಾಂಕುಗಳು ಇದನ್ನು ಜಾರಿಗೆ ತರೋದಕ್ಕೆ ಕೊಟ್ಟ ಗಡುವು 2026ರ ಮಾರ್ಚ್ 31.

ನಾಮಿನಿ ವಿಷಯದಲ್ಲಿ ನಮ್ಮೂರುಗಳಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಬ್ಯಾಂಕ್ ಖಾತೆಯ ನಾಮಿನಿ ಅಂದರೆ ಹಣ ಕೈಗೆ ತಗೊಳ್ಳುವವನು, ಹಣದ ಮಾಲೀಕ ಅಲ್ಲ. ಅವನು ವಾರಸುದಾರರ ಪರವಾಗಿ ತಗೊಂಡು ಅವರವರ ಪಾಲು ಕೊಡಬೇಕು. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವ ಚಾಳಿಯೂ ಇದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಂತ ಹಣದಲ್ಲಿ ಹೆಂಡತಿ, ತಾಯಿ ಇದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರಿಗೂ ಸಮ ಪಾಲು. ಅಕ್ಕತಂಗಿಯರು ಬೇಡ ಅಂದರೆ ಅವರೇ ಬರೆದುಕೊಡಲಿ. ಹೆಸರೇ ಮರೆಮಾಚಿದರೆ ಕಾಗದವೂ ಸುಳ್ಳು, ಸಂಬಂಧವೂ ಕೆಡುತ್ತದೆ.

ನಾವು ನಡೆದ ದಾರಿ

ನಮ್ಮ ದೊಡ್ಡಪ್ಪನ ಪಾಸ್‌ಬುಕ್ಕಿನಲ್ಲಿ ಕೊನೇ ಬರಹ 2007ರದ್ದು, ಬಾಕಿ 8,640 ರೂಪಾಯಿ. ಶೇಂಗಾ ಮಾರಿದ ಹಣ. 2009ರಲ್ಲಿ ಅವರು ತೀರಿಕೊಂಡರು. ಪಾಸ್‌ಬುಕ್ ಸಿಕ್ಕಿದ್ದು 2024ರಲ್ಲಿ, ದೊಡ್ಡಮ್ಮನ ಹಳೇ ಸೀರೆಗಳ ಕೆಳಗೆ. ನಾನು, ದೊಡ್ಡಮ್ಮ ಶಾಖೆಗೆ ಹೋದೆವು. ಕೌಂಟರಿನಲ್ಲಿ ಇದ್ದವರು "ಹಣ ಇಲ್ಲಿಲ್ಲ, ರಿಸರ್ವ್ ಬ್ಯಾಂಕಿಗೆ ಹೋಗಿದೆ, ಅಲ್ಲಿಗೇ ಬರೀರಿ" ಅಂದರು.

ನಿಯಮ ಹಾಗಿಲ್ಲ. ಕೇಳಬೇಕಾದ್ದು ನಮ್ಮ ಬ್ಯಾಂಕನ್ನೇ. ಅವರು ತಮ್ಮ ಕೈಯಿಂದ ನಮಗೆ ಕೊಟ್ಟು, ಆಮೇಲೆ ರಿಸರ್ವ್ ಬ್ಯಾಂಕಿನಿಂದ ವಾಪಸ್ ತರಿಸಿಕೊಳ್ಳಬೇಕು. ನಾವು ಬಾಯಿಮಾತು ಬಿಟ್ಟು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆವು. ಸೀಲು ಬಿದ್ದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಮ್ಯಾನೇಜರ್ ಕರೆದು ಕೂರಿಸಿ ಕ್ಲೇಮು ಫಾರಂ ಕೊಟ್ಟರು.

ಆಮೇಲೆ ತಡ ಆಗಿದ್ದು ಹೆಸರಿನಿಂದ. ಪಾಸ್‌ಬುಕ್ಕಿನಲ್ಲಿ ಒಂದು ಥರ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಥರ, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಮೂರೂ ಒಬ್ಬನೇ ಮನುಷ್ಯ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆವು. ನಾಡಕಚೇರಿಯಿಂದ ವಂಶವೃಕ್ಷ ತಂದೆವು. ಬೆಂಗಳೂರಿನ ಇಬ್ಬರು ತಮ್ಮಂದಿರು, ಹಿರಿಯೂರಿಗೆ ಕೊಟ್ಟ ತಂಗಿ ಒಂದೇ ದಿನ ಬಂದು ಸಹಿ ಹಾಕಿದರು. ಐದು ಸಲ ಅಲೆದೆವು, ನಾಲ್ಕು ತಿಂಗಳು ಹಿಡಿಯಿತು. ಬಡ್ಡಿ ಸೇರಿ 15 ಸಾವಿರದ ಚಿಲ್ಲರೆ ದೊಡ್ಡಮ್ಮನ ಖಾತೆಗೆ ಬಂತು. ಬಸ್ಸು, ಜೆರಾಕ್ಸು, ನೋಟರಿ ಎಲ್ಲ ಸೇರಿ ಖರ್ಚು ಒಂದೂವರೆ ಸಾವಿರ ದಾಟಲಿಲ್ಲ. ಆ ಹಣದಲ್ಲಿ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಂಡರು.

ಮರಣ ನೋಂದಣಿಯೇ ಆಗಿಲ್ಲದವರ ಕಷ್ಟ ಇದಕ್ಕಿಂತ ಹೆಚ್ಚು. ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಮೊದಲು ಅದನ್ನು ಮುಗಿಸಿ. ಆ ಕಾಗದ ಇಲ್ಲದೆ ಯಾವ ಬಾಗಿಲೂ ತೆರೆಯೋದಿಲ್ಲ.

ಹಳೇ ಸಾಲದ ಹೆದರಿಕೆ

"ಅಪ್ಪನ ಠೇವಣಿ ಕೇಳಲು ಹೋದರೆ ಅಪ್ಪನ ಸಾಲದ ಕಡತ ತೆಗೀತಾರೆ" ಅಂತ ಎಷ್ಟೋ ಜನ ಬ್ಯಾಂಕಿನ ಕಡೆ ತಲೆ ಹಾಕೋದಿಲ್ಲ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ. ಅದೇ ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿ ಸಾಲ ಬಾಕಿ ಇದ್ದರೆ ಅವರ ಠೇವಣಿಯನ್ನು ಸಾಲಕ್ಕೆ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗೆ ಇದೆ. ಆದರೆ ತಂದೆಯ ಸಾಲಕ್ಕೆ ಮಕ್ಕಳ ಹೊಣೆ ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಗ ಸ್ವಂತ ದುಡಿದ ಹಣದಿಂದ ಕಟ್ಟಬೇಕು ಅಂತ ಇಲ್ಲ, ಅವನೇ ಜಾಮೀನು ಹಾಕಿದ್ದರೆ ಮಾತು ಬೇರೆ. ಹೊಲ ಅಡಮಾನ ಇದ್ದರೆ ನೀವು ಬ್ಯಾಂಕಿಗೆ ಹೋಗದಿದ್ದರೂ ಪಹಣಿಯಲ್ಲಿ ಅದು ಕೂತೇ ಇರುತ್ತದೆ. ಬಚ್ಚಿಟ್ಟುಕೊಂಡು ಉಪಯೋಗ ಇಲ್ಲ. ಸಾಲದ ಲೆಕ್ಕ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಮನ್ನಾ ಆಗಿಯೂ ಪಹಣಿಯಲ್ಲಿ ಋಣ ತೆಗೆಯದೆ ಉಳಿದಿದ್ದರೆ ಅದೂ ಅವತ್ತೇ ಬಯಲಿಗೆ ಬರುತ್ತದೆ.

ಸೊಸೈಟಿ ಹಣ

ಊರಿನ ವ್ಯವಸಾಯ ಸೇವಾ ಸಹಕಾರ ಸಂಘ ಬ್ಯಾಂಕಿನ ಕಾಯ್ದೆಯೊಳಗೆ ಬರೋದಿಲ್ಲ. ಅಲ್ಲಿಟ್ಟ ಠೇವಣಿ ರಿಸರ್ವ್ ಬ್ಯಾಂಕಿಗೂ ಹೋಗೋದಿಲ್ಲ, ಉದ್ಗಮ್‌ನಲ್ಲೂ ಸಿಗೋದಿಲ್ಲ. ಅದು ಸಂಘದ ಲೆಕ್ಕದಲ್ಲೇ ಇರುತ್ತದೆ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನದು ಹಾಗಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮದೊಳಗೇ ಇದೆ.

ಸೊಸೈಟಿಯಲ್ಲಿ ನಾವು ಮರೆಯುವ ಇನ್ನೊಂದು ಹಣ ಷೇರು. ಬೆಳೆ ಸಾಲ ತೆಗೆದಾಗ ಷೇರಿಗೆ ಅಂತ ಮುರಿದುಕೊಂಡಿರುತ್ತಾರೆ. ಅದು ದಾನ ಅಲ್ಲ, ಸದಸ್ಯನ ಹಣ. ಸದಸ್ಯ ತೀರಿಕೊಂಡರೆ ನಾಮಿನಿಗೋ ವಾರಸುದಾರರಿಗೋ ವರ್ಗ ಆಗಬೇಕು, ಇಲ್ಲವೇ ನಿಯಮದ ಪ್ರಕಾರ ವಾಪಸ್ ಸಿಗಬೇಕು. ಕಾರ್ಯದರ್ಶಿಗೆ ಅರ್ಜಿ ಕೊಟ್ಟು ಷೇರು ಲೆಜರಿನ ನಕಲು ಕೇಳಿ.

ಅಂಚೆ ಮತ್ತು ವಿಮೆ: ಇಲ್ಲಿ ಗಡುವು ಉಂಟು

ಅಂಚೆ ಉಳಿತಾಯ ಮತ್ತು ವಿಮೆಯ ಕೇಳದ ಹಣ 'ಹಿರಿಯ ನಾಗರಿಕರ ಕಲ್ಯಾಣ ನಿಧಿ'ಗೆ ಹೋಗುತ್ತದೆ. 2015ರ ಹಣಕಾಸು ಕಾಯ್ದೆಯಲ್ಲಿ ಇದನ್ನು ಮಾಡಿದರು. ಅಂಚೆ ಖಾತೆ ಚಾಲ್ತಿ ಇಲ್ಲದ್ದು ಅಂತ ಆಗಿ 7 ವರ್ಷ, ವಿಮೆ ಹಣ ಕೊಡಬೇಕಾದ ದಿನದಿಂದ 10 ವರ್ಷ ಕಳೆದರೆ ಈ ನಿಧಿಗೆ ವರ್ಗ. ವರ್ಗ ಆದ ಮೇಲೂ 25 ವರ್ಷದವರೆಗೆ ಕೇಳಬಹುದು. ಅದೂ ದಾಟಿದರೆ ಹಣ ಕೇಂದ್ರ ಸರ್ಕಾರದ್ದು. ಬ್ಯಾಂಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಅಂಚೆಯವರು ಮುದ್ದತು ಮುಗಿದು ಮೂರು ವರ್ಷ ಆದರೂ ಬಿಡಿಸದ ಖಾತೆಗಳನ್ನು ತಡೆಹಿಡಿಯುತ್ತಾರೆ. 2025ರ ಜುಲೈ ಆದೇಶದ ಪ್ರಕಾರ ಈ ಕೆಲಸ ವರ್ಷಕ್ಕೆ ಎರಡು ಸಲ. ತಡೆಹಿಡಿದರೂ ಪಾಸ್‌ಬುಕ್ ಅಥವಾ ಪತ್ರ, ಗುರುತಿನ ಕಾಗದ ಕೊಟ್ಟರೆ ಹಣ ಬಿಡುಗಡೆ ಆಗುತ್ತದೆ. ನಾಮಿನಿ ಇಲ್ಲದೆ ಖಾತೆದಾರ ತೀರಿಕೊಂಡಿದ್ದರೆ, ಆರು ತಿಂಗಳು ಕಳೆದ ಮೇಲೆ 5 ಲಕ್ಷದವರೆಗೆ ಕೋರ್ಟಿನ ಕಾಗದ ಇಲ್ಲದೆ ಕೇಳಬಹುದು.

ಎಲ್‌ಐಸಿ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ಒಂದು ಕಡೆ. ನಾಲ್ಕು ವರ್ಷ ಕಂತು ಕಟ್ಟಿರುತ್ತಾರೆ, ಬರ ಬಂದು ನಿಲ್ಲಿಸುತ್ತಾರೆ. "ಪಾಲಿಸಿ ಸತ್ತಿತು" ಅಂತ ಬಾಂಡು ಮೂಲೆಗೆ ಹಾಕುತ್ತಾರೆ. ಹಳೇ ಎಂಡೋಮೆಂಟ್ ಪಾಲಿಸಿಗಳಲ್ಲಿ ಹೆಚ್ಚಿನವಕ್ಕೆ ಮೂರು ವರ್ಷದ ಕಂತು ಪೂರ್ತಿ ಕಟ್ಟಿದ್ದರೆ ಕಟ್ಟಿದ ಪ್ರಮಾಣಕ್ಕೆ ತಕ್ಕ ಹಣ ಅವಧಿ ಮುಗಿದಾಗ ಬರುತ್ತದೆ. ಬಾಂಡು ಹಿಡಿದು ಶಾಖೆಗೆ ಹೋಗಿ ಕೇಳಿ. ಎಲ್‌ಐಸಿ ವೆಬ್‌ಸೈಟಿನಲ್ಲಿ ಪಾಲಿಸಿದಾರನ ಹೆಸರು, ಹುಟ್ಟಿದ ದಿನ ಹಾಕಿ ಕೇಳದ ಹಣ ಇದೆಯಾ ಅಂತ ನೋಡುವ ವ್ಯವಸ್ಥೆಯೂ ಇದೆ.

ತೀರಿಕೊಂಡವರ ಪಾಸ್‌ಬುಕ್ ಎಂಟ್ರಿ ಹಾಕಿಸಿ ಸಣ್ಣ ಕಡಿತಗಳನ್ನೂ ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ (2022ರ ಮೇವರೆಗೆ 330) ಮುರಿದಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷದ್ದು. 20 ರೂಪಾಯಿ (ಮುಂಚೆ 12) ಇದ್ದರೆ ಅಪಘಾತದ ವಿಮೆ, ಅದೂ 2 ಲಕ್ಷ. ಮನೆಯವರಿಗೆ ಗೊತ್ತೇ ಇರೋದಿಲ್ಲ. ಸಾವಾದ ತಿಂಗಳೊಳಗೇ ಬ್ಯಾಂಕಿಗೆ ತಿಳಿಸಿ ಅರ್ಜಿ ಹಾಕೋದು ಒಳ್ಳೇದು.

ಹೆಣ್ಣುಮಕ್ಕಳ ಬಾಂಡು

ಭಾಗ್ಯಲಕ್ಷ್ಮಿ ಯೋಜನೆ ನಮ್ಮ ರಾಜ್ಯದಲ್ಲಿ 2006ರಲ್ಲಿ ಶುರುವಾಯಿತು. ಆಗ ಹುಟ್ಟಿದ ಹುಡುಗಿಯರಿಗೆ 2024ರಲ್ಲಿ 18 ತುಂಬಿತು. ಆ ಹಣ ತಾನಾಗಿ ಮನೆಗೆ ಬರೋದಿಲ್ಲ, ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯ ಮೂಲಕ ಕೇಳಬೇಕು. ಎಂಟನೇ ತರಗತಿ ಓದಿರಬೇಕು, 18ಕ್ಕೆ ಮುಂಚೆ ಮದುವೆ ಆಗಿರಬಾರದು ಅನ್ನುವುದು ಷರತ್ತು. ಬಾಂಡಿನಲ್ಲಿರುವ ಹೆಸರಿಗೂ ಶಾಲೆಯ ಹೆಸರಿಗೂ ತಾಳೆ ಇಲ್ಲದಿದ್ದರೆ ಈಗಲೇ ಸರಿಮಾಡಿಸಿ.

ದಲ್ಲಾಳಿಗಳಿಂದ ದೂರ

2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 'ನಿಮ್ಮ ಹಣ, ನಿಮ್ಮ ಹಕ್ಕು' ಅಂತ ಮೂರು ತಿಂಗಳ ಅಭಿಯಾನ ಶುರು ಮಾಡಿ ಜಿಲ್ಲೆಗಳಲ್ಲಿ ಶಿಬಿರ ನಡೆಸಿತು. ಇಂಥ ಸುದ್ದಿ ಹಬ್ಬಿದಾಗ "ನಿಮ್ಮ ಹಣ ಕೊಡಿಸ್ತೀನಿ, ಅರ್ಧ ಕೊಡಿ" ಅನ್ನುವವರೂ ಹುಟ್ಟಿಕೊಳ್ಳುತ್ತಾರೆ. ಫೋನಿನಲ್ಲಿ ಓಟಿಪಿ ಕೇಳುವವರೂ ಇರುತ್ತಾರೆ. ಹಣ ಪಡೆಯೋದಕ್ಕೆ ಮುಂಗಡ ಕಟ್ಟಬೇಕು ಅಂದರೆ ಅದು ಮೋಸವೇ. ಓಟಿಪಿ ಬೇಕಾಗುವುದು ನೀವೇ ಉದ್ಗಮ್‌ನಲ್ಲಿ ನೋಂದಾಯಿಸುವಾಗ, ಇನ್ನೊಬ್ಬರಿಗೆ ಹೇಳೋದಕ್ಕಲ್ಲ. ಪೋರ್ಟಲ್ಲಿನ ವಿಳಾಸ ಆರ್‌ಬಿಐ ಡಾಟ್ ಒಆರ್‌ಜಿ ಡಾಟ್ ಇನ್ ಅಂತ ಮುಗಿದಿದೆಯೇ ನೋಡಿಕೊಳ್ಳಿ.

ಬ್ಯಾಂಕಿನವರು ಅರ್ಜಿ ತಗೊಂಡು 30 ದಿನ ಆದರೂ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿಯಿಲ್ಲ ಅನಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾಹಿತಿ ಹೇಳುತ್ತಾರೆ. ದೂರಿಗೂ ಶುಲ್ಕ ಇಲ್ಲ. ಅದಕ್ಕೇ ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ ಅಂದಿದ್ದು, ದೂರಿಗೆ ಅದೇ ಆಧಾರ.

ಮುಂದೆ ಹೀಗಾಗದ ಹಾಗೆ

ಬೇಡದ ಖಾತೆ ಮುಚ್ಚಿಸಿ, ಒಂದೋ ಎರಡೋ ಇಟ್ಟುಕೊಳ್ಳಿ. ಇರುವ ಖಾತೆಯಲ್ಲಿ ವರ್ಷಕ್ಕೊಮ್ಮೆ ನೂರು ರೂಪಾಯಿ ಹಾಕಿ ತೆಗೆಯಿರಿ. ಎಲ್ಲದಕ್ಕೂ ನಾಮಿನಿ ಬರೆಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ನೂರು ಪುಟದ ಒಂದು ನೋಟ್‌ಬುಕ್ ತಂದು ಯಾವ ಬ್ಯಾಂಕು, ಯಾವ ಶಾಖೆ, ಖಾತೆ ನಂಬರ್, ವಿಮೆ, ಸೊಸೈಟಿ ಷೇರು, ಕೊಟ್ಟ ಸಾಲ, ತಂದ ಸಾಲ ಎಲ್ಲ ಬರೆದಿಡಿ. ಪಿನ್ ನಂಬರ್ ಮಾತ್ರ ಬರೆಯಬೇಡಿ. ಆ ಪುಸ್ತಕ ಎಲ್ಲಿದೆ ಅಂತ ಹೆಂಡತಿಗೆ ಗೊತ್ತಿರಲಿ. ಸಾವಿನ ಮಾತು ಅಪಶಕುನ ಅಂತ ಗಂಡಸರು ಇದನ್ನು ಮುಂದೂಡುತ್ತಾರೆ. ಅಲೆಯುವ ಕಷ್ಟ ಹೆಂಗಸರ ತಲೆಗೆ ಬೀಳುತ್ತದೆ.

ಸುಗ್ಗಿ ಮುಗಿದು ಮುಂಗಾರು ಬರುವ ತನಕ ನಮಗೆ ಸ್ವಲ್ಪ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಒಂದು ದಿನ ಮನೆಯ ಹಿರಿಯರ ಜೊತೆ ಕೂತು ಟ್ರಂಕು ಬಿಚ್ಚಿ. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಕಾಗದವಾದರೂ ಒಪ್ಪ ಆಯಿತು. ಈ ದಾರಿಯಲ್ಲಿ ನಡೆದು ಹಣ ಪಡೆದವರು, ಸಿಗದೆ ಒದ್ದಾಡುತ್ತಿರುವವರು ಪತ್ರಿಕೆಗೆ ಬರೆಯಿರಿ. ಒಬ್ಬರ ಅಲೆದಾಟ ಇನ್ನೊಬ್ಬರಿಗೆ ಒಂದು ಬಸ್ ಚಾರ್ಜಾದರೂ ಉಳಿಸೀತು.